ಶೆಲ್ ಅಂದರೆ ಕಪ್ಪು ಕಿಟಕಿಯಲ್ಲ

ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿಯನ್ನೇ ಶೆಲ್ ಎಂದುಕೊಂಡು, ‘ಮೌಸ್ ಇರುವಾಗ ಶೆಲ್ ಯಾಕೆ ಬೇಕು?’ ಎಂದು ಕೇಳುವವರಿಗೆ ಕೊರತೆಯಿಲ್ಲ. ಅವರ ಅನುಮಾನದಲ್ಲಿ ಹುರುಳಿದೆ, ಪದ ಮಾತ್ರ ತಪ್ಪು. ಡೆಸ್ಕ್‌ಟಾಪಿನಲ್ಲಿ ಐಕಾನ್ ಒತ್ತಿದರೆ ಓಗೊಡುವುದೂ ಶೆಲ್ಲೇ.

ಈ ಹೆಸರಿಟ್ಟವರು ಫ್ರೆಂಚ್ ಕಂಪ್ಯೂಟರ್ ತಜ್ಞ ಲೂಯಿ ಪೂಜಾಂ. 1960ರ ದಶಕದ ಮಧ್ಯಭಾಗ, ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ರೂಪುಗೊಳ್ಳುತ್ತಿದ್ದ ಕಾಲ. ಅದಕ್ಕೂ ಮುಂಚೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಿಟಿಎಸ್‌ಎಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿಗೆ ಅವರು ರನ್‌ಕಾಮ್ ಎಂಬ ಪ್ರೋಗ್ರಾಮ್ ಬರೆದಿದ್ದರು. ಕಡತದಲ್ಲಿರುವ ಕಮಾಂಡುಗಳನ್ನು ಒಂದರ ಹಿಂದೊಂದು ಓಡಿಸುವುದು ಅದರ ಕೆಲಸ. (ಬ್ಯಾಶ್ ಎಂಬ ಶೆಲ್ಲಿನ ಸೆಟ್ಟಿಂಗ್ ಇರುವ ಬ್ಯಾಶ್‌ಆರ್‌ಸಿ ಎಂಬ ಕಡತದ ಹೆಸರಿನ ಕೊನೆಯ ‘ಆರ್‌ಸಿ’ ಅಲ್ಲಿಂದಲೇ ಉಳಿದು ಬಂದದ್ದು.) ಆಪರೇಟಿಂಗ್ ಸಿಸ್ಟಮ್ಮಿನ ಒಳಗಿನ ತಿರುಳು ಕರ್ನೆಲ್, ಅದರ ಸುತ್ತಲಿನ ಚಿಪ್ಪು ಶೆಲ್. ನಾವು ಕೇಳಿದ ಪ್ರೋಗ್ರಾಮನ್ನು ಓಡಿಸಿಕೊಡುವ ಈ ಚಿಪ್ಪೂ ಒಂದು ಸಾಮಾನ್ಯ ಪ್ರೋಗ್ರಾಮೇ. ಟೈಪ್ ಮಾಡಿಯೇ ಕೇಳಬೇಕೆಂಬ ಷರತ್ತು ಅರ್ಥದಲ್ಲಿ ಎಲ್ಲಿದೆ?

ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ವಿನ್‌ಲಾಗನ್ ಕೀ ತೆರೆದು ನೋಡಿ: ‘ಶೆಲ್’ ಎಂಬುದರ ಎದುರು ಎಕ್ಸ್‌ಪ್ಲೋರರ್.ಇಎಕ್ಸ್‌ಇ ಎಂದಿರುತ್ತದೆ. ಕಂಟ್ರೋಲ್+ಶಿಫ್ಟ್+ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಅದನ್ನು ಮುಗಿಸಿದರೆ ಟಾಸ್ಕ್‌ಬಾರ್, ಐಕಾನುಗಳು ಮಾಯ. ತೆರೆದಿದ್ದ ಬ್ರೌಸರ್ ಹಾಗೇ ಇರುತ್ತದೆ. ಫೈಲ್ ಕಾಪಿ ನಡೆಯುತ್ತಿದ್ದರೆ ಮಾತ್ರ ಇದನ್ನು ಮಾಡಬೇಡಿ, ಅರ್ಧಕ್ಕೇ ನಿಲ್ಲುತ್ತದೆ. ರನ್ ನ್ಯೂ ಟಾಸ್ಕ್‌ನಲ್ಲಿ ‘ಎಕ್ಸ್‌ಪ್ಲೋರರ್’ ಎಂದು ಕೊಟ್ಟರೆ ಎಲ್ಲ ಮರಳಿ ಬರುತ್ತದೆ. ಲಿನಕ್ಸಿನ ಗ್ನೋಮ್ ಶೆಲ್ ಅಂತೂ ಹೆಸರಿನಲ್ಲೇ ಹೇಳಿಕೊಂಡಿದೆ.

ಹಾಗಾದರೆ ಕಪ್ಪು ಕಿಟಕಿ? ಅದು ಟರ್ಮಿನಲ್. ಒತ್ತಿದ ಕೀಗಳನ್ನು ತಲುಪಿಸುವುದು, ಅಕ್ಷರ ತೋರಿಸುವುದು ಅಷ್ಟೇ ಅದರ ಪಾಲಿನ ಕೆಲಸ. ಬ್ಯಾಶ್, ಜೆಡ್‌ಶೆಲ್, ಪವರ್‌ಶೆಲ್ ಎಂಬ ಶೆಲ್ಲುಗಳು ಅದರೊಳಗೆ ಓಡುತ್ತವೆ. ಇಂದಿನ ವಿಂಡೋಸ್‌ನಲ್ಲಿ ಅದನ್ನು ಮೈಕ್ರೋಸಾಫ್ಟಿನ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಹೆಸರು ಹಿಡಿದು ‘ಡಾಸ್’ ಎನ್ನುವುದಂತೂ ಶುದ್ಧ ತಪ್ಪು. 1993ರ ವಿಂಡೋಸ್ ಎನ್‌ಟಿಯಿಂದ ಬೆಳೆದು ಬಂದ ವಿಂಡೋಸ್‌ನ ಅಡಿಯಲ್ಲಿ ಡಾಸ್ ಇಲ್ಲವೇ ಇಲ್ಲ.

ದೂರಬೇಕೆಂದರೆ ಟೈಪ್ ಮಾಡಿ ಕೇಳುವ ಕಮಾಂಡ್‌ಲೈನ್ ಶೆಲ್ಲನ್ನು ಹೆಸರು ಹಿಡಿದು ದೂರಿ, ಕಾರಣ ಬೇಕಾದಷ್ಟಿದೆ. ಯುನಿಕ್ಸ್ ಶೆಲ್ಲುಗಳಲ್ಲಿ ನಕ್ಷತ್ರ ಚಿಹ್ನೆಯನ್ನು ಫೈಲುಗಳ ಹೆಸರಾಗಿ ಬಿಡಿಸುವುದು ಶೆಲ್, ಫೈಲ್ ಅಳಿಸುವ ಕಮಾಂಡ್ ‘ಆರ್‌ಎಂ’ ಅಲ್ಲ. ಟಿಎಕ್ಸ್‌ಟಿ ಫೈಲುಗಳನ್ನಷ್ಟೇ ಅಳಿಸಲು ‘ಆರ್‌ಎಂ *.ಟಿಎಕ್ಸ್‌ಟಿ’ ಎಂದು ಬರೆಯಹೊರಟವರು ನಕ್ಷತ್ರ ಮತ್ತು ಚುಕ್ಕಿಯ ನಡುವೆ ಕೈತಪ್ಪಿ ಒಂದು ಸ್ಪೇಸ್ ಬಿಟ್ಟರೆ, ಆ ಫೋಲ್ಡರಿನಲ್ಲಿ ಕಾಣುವ ಎಲ್ಲ ಫೈಲುಗಳ ಹೆಸರೂ ‘ಆರ್‌ಎಂ’ಗೆ ಹೋಗುತ್ತವೆ. ಆ ಪಟ್ಟಿ ನಕ್ಷತ್ರದಿಂದ ಬಂದದ್ದೋ ನೀವೇ ಬರೆದದ್ದೋ ‘ಆರ್‌ಎಂ’ಗೆ ತಿಳಿಯುವುದಿಲ್ಲ. ಎಲ್ಲ ಅಳಿಸಿದ ಮೇಲೆ ‘.ಟಿಎಕ್ಸ್‌ಟಿ ಎಂಬ ಫೈಲ್ ಇಲ್ಲ’ ಎಂದು ಗೊಣಗುತ್ತದೆ. ಅಳಿದದ್ದು ಟ್ರ್ಯಾಶ್‌ನಲ್ಲೂ ಸಿಗದು. ಅದೇ ಸಾಲಿನಲ್ಲಿ ಮೊದಲು ‘ಆರ್‌ಎಂ’ ಬದಲು, ಕೊಟ್ಟದ್ದನ್ನು ಹಾಗೇ ತೋರಿಸುವ ‘ಎಕೋ’ ಕೊಟ್ಟರೆ ಶೆಲ್ ಬಿಡಿಸಿದ ಪಟ್ಟಿ ಕಣ್ಣೆದುರಿಗೇ ಬರುತ್ತದೆ.