ಗಂಡೈಕ್ಳಿಗೆ ಮಾತು ತಡವೇ?

ಎರಡು ವರ್ಷ ತುಂಬಿದ ಗಂಡುಮಗು ‘ಅಮ್ಮ’, ‘ತಾತ’ ಬಿಟ್ಟು ಬೇರೇನೂ ಆಡುತ್ತಿಲ್ಲ ಎಂದರೆ ಮಂಡ್ಯ ಕಡೆ ಸಿಗುವ ಸಮಾಧಾನ ಒಂದೇ: ‘ಗಂಡೈಕ್ಳಿಗೆ ಮಾತು ತಡ ಕಣವ್ವ, ಅವರಪ್ಪನೂ ಹಂಗೇ ಇದ್ದ.’ ಇದರಲ್ಲಿ ಕಾಳಷ್ಟು ನಿಜವಿದೆ. ಸರಾಸರಿಯಲ್ಲಿ ಹೆಣ್ಣುಮಕ್ಕಳು ಒಂದೆರಡು ತಿಂಗಳು ಮುಂದು. ಅದೂ ಪೂರ್ತಿ ಹುಟ್ಟಿನಿಂದ ಬಂದದ್ದು ಎನ್ನುವಂತಿಲ್ಲ, ಹೆಣ್ಣುಕೂಸಿನ ಜತೆ ತಾಯಂದಿರು ಮಾತಾಡುವುದೇ ಹೆಚ್ಚು. ಇಷ್ಟು ಸಣ್ಣ ಅಂತರ ನಂಬಿಕೊಂಡು ವರ್ಷಗಟ್ಟಲೆ ಕಾಯುವುದು ತಪ್ಪು. ಉಗ್ಗು, ಆಟಿಸಂ (ಬೇರೆಯವರೊಡನೆ ಬೆರೆಯುವುದು, ಮಾತಾಡುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆ) ಗಂಡುಮಕ್ಕಳಲ್ಲೇ ಹೆಚ್ಚು ಕಾಣುವುದರಿಂದ, ಗಂಡು ಎಂಬ ಕಾರಣಕ್ಕೇ ಬೇಗ ತೋರಿಸಬೇಕು.

ತಾಯಿ ಕಾರ್ಡಿನಲ್ಲಿ ತೂಕದ ನಕ್ಷೆ ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಒಂದು ವರ್ಷದ ಗಂಡುಮಗುವಿನ ನಡುಮಟ್ಟದ ತೂಕ 9.6 ಕೆ.ಜಿ., ಹೆಣ್ಣುಮಗುವಿನದು 8.9. ಅದು ಮೈಕಟ್ಟಿನ ವಿಷಯ. ಕೂರುವುದಕ್ಕೆ, ನಡೆಯುವುದಕ್ಕೆ ಮಾತ್ರ ಅದೇ ಸಂಸ್ಥೆ 2006ರಲ್ಲಿ ಇಬ್ಬರಿಗೂ ಒಂದೇ ಅಳತೆ ಇಟ್ಟಿತು. ಅಮೆರಿಕದಲ್ಲಿ 11 ತಿಂಗಳ ಕೂಸುಗಳನ್ನು ಇಳಿಜಾರಿನ ಹಲಗೆಯ ಮೇಲೆ ಅಂಬೆಗಾಲಿಡಲು ಬಿಟ್ಟು ನೋಡಿದರು. ‘ನಿಮ್ಮ ಮಗು ಎಷ್ಟು ಕಡಿದಾದದ್ದು ಇಳಿದೀತು?’ ಎಂದು ಮೊದಲೇ ಕೇಳಿದಾಗ ಗಂಡುಮಕ್ಕಳ ತಾಯಂದಿರು ಹೆಚ್ಚು ಹೇಳಿದರು, ಹೆಣ್ಣುಮಕ್ಕಳ ತಾಯಂದಿರು ಕಡಿಮೆ ಹೇಳಿದರು. ಕೂಸುಗಳು ಇಳಿದದ್ದು ಸರಿಸಮ.

ಹೆಣ್ಣಿನ ವಿಷಯದಲ್ಲಿ ‘ಗಂಡು ಹೀಗೆ, ಹೆಣ್ಣು ಹಾಗೆ’ ಎಂಬ ಈ ಎಣಿಕೆ ತಿರುಗಿ ಹೊಡೆಯುತ್ತದೆ. ಕರೆದರೆ ತಿರುಗದ, ಒಬ್ಬಳೇ ಮೂಲೆಯಲ್ಲಿ ಆಡುವ ಮಗುವನ್ನು ‘ಸಾಧು, ನಾಚಿಕೆ ಜಾಸ್ತಿ’ ಎಂದುಬಿಡುತ್ತಾರೆ. ಕಿವುಡೋ ಆಟಿಸಮ್ಮೋ ಅಲ್ಲೇ ಮುಚ್ಚಿಹೋಗುತ್ತದೆ.

ಇಬ್ಬರಿಗೂ ಲೆಕ್ಕ ಒಂದೇ. ವರ್ಷಕ್ಕೆ ಹೆಸರು ಕರೆದರೆ ತಿರುಗಬೇಕು. ಒಂದೂವರೆಗೆ ಬೇಕಾದ್ದನ್ನು ಬೆರಳು ತೋರಿಸಿ ಕೇಳಬೇಕು. ಎರಡಕ್ಕೆ ಸುಮಾರು 50 ಪದ ಇರಬೇಕು, ‘ಹಾಲು ಬೇಕು’ ಎಂದು ಎರಡು ಪದ ಕೂಡಿಸಬೇಕು. ಇಲ್ಲವಾದರೆ ಮೊದಲು ಕಿವಿ ಪರೀಕ್ಷೆ. ತಟ್ಟೆ ಬಡಿದಾಗ ತಿರುಗಿತು ಎಂದು ಸುಮ್ಮನಾಗಬೇಡಿ. ಜೋರು ಸದ್ದು ಕೇಳುವ ಮಗುವಿಗೂ ಮಾತಿನ ‘ಸ’, ‘ಶ’ ಕೇಳದೆ ಇರಬಹುದು.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆಯಂಥ ಕಡೆ ‘ಬೇರಾ’ ಪರೀಕ್ಷೆ ಮಾಡುತ್ತಾರೆ. ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ, ಕಿವಿಗೆ ಸದ್ದು ಕೊಟ್ಟು, ನರದಿಂದ ಮಿದುಳಿನ ಬುಡದವರೆಗೆ ಸಂಕೇತ ಹೋಗುತ್ತಿದೆಯೇ ನೋಡುತ್ತಾರೆ. ಮಗು ನಿದ್ದೆಯಲ್ಲಿರಬೇಕು. ಹೆಚ್ಚು ಸಲ ಕೆಡುವುದು ಇಲ್ಲೇ: ಮಂಡ್ಯದಿಂದ ಬರುವಾಗ ಮಗು ಬಸ್ಸಲ್ಲೇ ನಿದ್ದೆ ಮುಗಿಸಿರುತ್ತದೆ. ಅವತ್ತು ಬೇಗ ಎಬ್ಬಿಸಿ, ದಾರಿಯುದ್ದಕ್ಕೂ ಆಡಿಸುತ್ತಾ ಕರೆತನ್ನಿ. ತಲೆಗೆ ಎಣ್ಣೆ ಬೇಡ, ತಂತಿ ಅಂಟುವುದಿಲ್ಲ. ಹಾಲು ಅಲ್ಲಿಗೆ ಹೋದ ಮೇಲೆಯೇ ಕೊಡಿ.