ಯಾರ ಮಗಳು, ಯಾರ ತಾಯಿ: ನಾಸಿಕದ ಶಾಸನಗಳಲ್ಲಿ ಕಾಣುವ ಸ್ತ್ರೀಯರು

ಶಾಸನಗಳನ್ನು ಕುರಿತು ಎಲ್ಲಿ ಉಪನ್ಯಾಸ ಕೊಟ್ಟರೂ ಕೊನೆಯಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆಯೆಂದರೆ, ಪ್ರಾಚೀನ ಕಾಲದಲ್ಲಿ ನಮ್ಮ ಸ್ತ್ರೀಯರ ಸ್ಥಾನಮಾನ ಹೇಗಿತ್ತು ಎಂಬುದು. ಕೇಳುವವರ ಮನಸ್ಸಿನಲ್ಲಿ ಉತ್ತರ ಆಗಲೇ ಸಿದ್ಧವಾಗಿರುತ್ತದೆ. ಕೆಲವರು ಗಾರ್ಗಿ, ಮೈತ್ರೇಯಿಯರನ್ನು ನೆನೆಯುತ್ತಾರೆ, ಕೆಲವರು ಮನುಸ್ಮೃತಿಯನ್ನು ಮುಂದಿಡುತ್ತಾರೆ. ಧರ್ಮಶಾಸ್ತ್ರ ಹೇಳುವುದು ಏನಿರಬೇಕು ಎಂಬುದನ್ನು. ದಾನಶಾಸನ ಹೇಳುವುದಾದರೋ ಯಾರು, ಯಾರಿಗೆ, ಏನನ್ನು ಕೊಟ್ಟರು ಎಂಬ ವ್ಯವಹಾರದ ಸಂಗತಿಯನ್ನು. ಆದ್ದರಿಂದ ನಾನು ಈ ಪ್ರಶ್ನೆಯನ್ನು ನಾಸಿಕದ ಬಳಿಯ ತ್ರಿರಶ್ಮಿ ಬೆಟ್ಟಕ್ಕೆ, ಜನ ಇಂದು ಪಾಂಡವ ಲೇಣಿ ಎಂದು ಕರೆಯುವ ಬೌದ್ಧ ಗುಹೆಗಳಿಗೆ ಒಯ್ಯುತ್ತೇನೆ. ಕ್ರಿಸ್ತಶಕದ ಮೊದಲ ಮೂರು ಶತಮಾನಗಳ ಹಲವು ಬಗೆಯ ಹೆಂಗಸರು ಅಲ್ಲಿ ಒಂದೇ ಬೆಟ್ಟದ ಬಂಡೆಯಲ್ಲಿ ಕಾಣಸಿಗುತ್ತಾರೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಗೌತಮೀಪುತ್ರ ಶಾತಕರ್ಣಿ, ವಾಸಿಷ್ಠೀಪುತ್ರ ಪುಳುಮಾವಿ ಎಂಬ ಹೆಸರುಗಳನ್ನು ನೋಡಿ ಶಾತವಾಹನರದು ಮಾತೃಪ್ರಧಾನ ಸಮಾಜವೆಂದು ಹೇಳುವವರು ಇಂದಿಗೂ ಇದ್ದಾರೆ. ಸಿಂಹಾಸನ ಮಾತ್ರ ತಂದೆಯಿಂದ ಮಗನಿಗೇ ಹೋಗುತ್ತಿತ್ತು. ಗೌತಮೀಪುತ್ರನ ನಂತರ ಬಂದವನು ಅವನ ಮಗ ಪುಳುಮಾವಿ. ಗೌತಮೀ, ವಾಸಿಷ್ಠೀ ಎಂಬವು ತಾಯಿಯ ಗೋತ್ರವನ್ನು ಸೂಚಿಸುತ್ತವೆ; ಹಲವು ರಾಣಿಯರಿದ್ದ ಅರಮನೆಯಲ್ಲಿ ಯಾವ ರಾಣಿಯ ಮಗ ಎಂದು ತಿಳಿಸುವುದಕ್ಕೂ, ಆಕೆಯ ಕುಲದ ಹಿರಿಮೆಯನ್ನು ಸಾರುವುದಕ್ಕೂ ಅವು ನೆರವಾಗುತ್ತಿದ್ದಿರಬೇಕು ಎಂಬುದು ನನ್ನ ಅಭಿಪ್ರಾಯ. ಮುಂದೆ ನಮ್ಮ ಕದಂಬರೂ ಬಾದಾಮಿಯ ಚಾಲುಕ್ಯರೂ ತಮ್ಮನ್ನು ಹಾರಿತೀಪುತ್ರರೆಂದು ಕರೆದುಕೊಂಡರಾದರೂ, ತಲೆಮಾರು ಬದಲಾದರೂ ಬದಲಾಗದ ಆ ಹೆಸರು ಅಷ್ಟರಲ್ಲಿ ಮನೆತನದ ಬಿರುದಾಗಿ ನಿಂತುಬಿಟ್ಟಿತ್ತು. ಅದರಿಂದ ಯಾವ ರಾಣಿಯ ಸ್ಥಾನವೂ ತಿಳಿಯುವುದಿಲ್ಲ.

ಹೆಸರಿಗಿಂತ ಹೆಚ್ಚಿನದನ್ನು ಹೇಳುವುದು 3ನೆಯ ಗುಹೆಯಲ್ಲಿರುವ, ಗೌತಮೀಪುತ್ರನ ಆಳ್ವಿಕೆಯ 24ನೆಯ ವರ್ಷದ ಆಜ್ಞೆ. ಇದು ರಾಜನೊಬ್ಬನ ಆಜ್ಞೆಯಲ್ಲ. ರಾಜ ಮತ್ತು ರಾಜಮಾತೆ ಇಬ್ಬರ ಮಾತಿನಂತೆ ನಾಸಿಕದ ಬಳಿಯ ಗೋವರ್ಧನದ ಅಮಾತ್ಯ ಶಾಮಕನಿಗೆ ಹೊರಟ ಪತ್ರ. ಬೆಟ್ಟದ ಭಿಕ್ಷುಗಳಿಗೆ ಹಿಂದೆ ಕಖಡಿ ಎಂಬ ಹಳ್ಳಿಯಲ್ಲಿ ಹೊಲ ಕೊಡಲಾಗಿತ್ತು; ಈಗ ಆ ಹೊಲದಲ್ಲಿ ಉಳುಮೆಯಿಲ್ಲ, ಹಳ್ಳಿಯಲ್ಲಿ ವಾಸವೂ ಇಲ್ಲ; ಆದಕಾರಣ ನಗರದ ಎಲ್ಲೆಯಲ್ಲಿರುವ ಅರಸನ ಹೊಲದಲ್ಲಿ 100 ನಿವರ್ತನ (ಅಂದಿನ ಭೂಮಿಯ ಅಳತೆ) ಭೂಮಿಯನ್ನು ಕೊಡತಕ್ಕದ್ದು, ಅದರೊಳಗೆ ಸೈನಿಕರು ಕಾಲಿಡಕೂಡದು, ಉಪ್ಪಿಗಾಗಿ ನೆಲ ಅಗೆಯಕೂಡದು ಎಂದು ಅದರಲ್ಲಿದೆ. ಕಂದಾಯ ಕಚೇರಿಯ ಕಡತದಂತಿರುವ ಇಂಥ ಆಜ್ಞೆಯಲ್ಲಿ ತಾಯಿಯ ಅಧಿಕಾರ ಮಗನ ಅಧಿಕಾರದ ಜೊತೆಗೇ ನಡೆದಿದೆ. ಪತ್ರವನ್ನು ಸಿದ್ಧಪಡಿಸಿದ ಲೋಟಾ ಎಂಬಾಕೆಯೂ ಹೆಂಗಸೇ. ಅರಮನೆಯ ಬಾಗಿಲ ಕಾವಲು ಆಕೆಯ ಹುದ್ದೆ. ಇಷ್ಟಾಗಿಯೂ ಶಾಸನ ರಾಜಮಾತೆಯನ್ನು ಪರಿಚಯಿಸುವುದು ‘ಮಗ ಬದುಕಿರುವವಳು’ ಎಂಬ ವಿಶೇಷಣದಿಂದ.

ಪುಳುಮಾವಿಯ 19ನೆಯ ವರ್ಷದಲ್ಲಿ ಮಹಾರಾಜನ ತಾಯಿ, ಮಹಾರಾಜನ ಅಜ್ಜಿ ಎಂದು ಹೇಳಿಕೊಂಡು ಇದೇ ಗುಹೆಯನ್ನು ಭಿಕ್ಷುಸಂಘಕ್ಕೆ ದಾನ ಕೊಟ್ಟವಳು ಗೌತಮೀ ಬಲಶ್ರೀ. ದಾನಿ ಈಕೆಯಾದರೂ ಶಾಸನದ ಬಹುಭಾಗವನ್ನು ತೀರಿಹೋದ ಮಗನ ಪ್ರಶಸ್ತಿ, ಎಂದರೆ ಹೊಗಳಿಕೆ, ತುಂಬಿಕೊಂಡಿದೆ: ಶಕ, ಯವನ, ಪಹ್ಲವರನ್ನು ಸದೆಬಡಿದವನು, ಕ್ಷಹರಾತರೆಂಬ ರಾಜವಂಶವನ್ನು ನಿರ್ಮೂಲ ಮಾಡಿದವನು, ಮೂರು ಸಮುದ್ರಗಳ ನೀರು ಕುಡಿದ ಕುದುರೆಗಳನ್ನುಳ್ಳವನು. (ಕುದುರೆಗಳು ಉಪ್ಪುನೀರು ಕುಡಿದಾವೇ ಎಂದು ಪ್ರಶಸ್ತಿಕಾರರನ್ನು ಕೇಳುವಂತಿಲ್ಲ.) ತನ್ನ ಬಗ್ಗೆ ಆಕೆ ಹೇಳಿಕೊಂಡಿರುವುದು ಸತ್ಯ, ದಾನ, ಕ್ಷಮೆ, ಉಪವಾಸಗಳಲ್ಲಿ ನಿರತಳಾದ ರಾಜರ್ಷಿವಧು ಎಂದಷ್ಟೇ.

ಇದೇ ಬಗೆಯ ಮಾತು ನಮ್ಮ ಬನವಾಸಿಯಲ್ಲಿಯೂ ಇದೆ. ಮಧುಕೇಶ್ವರ ದೇವಾಲಯದ ಆವರಣದ ನಾಗಶಿಲೆಯ ಮೇಲಿನ ಪ್ರಾಕೃತ ಶಾಸನ ಚುಟು ಮನೆತನದ ಅರಸ ವಿಣ್ಹುಕಡ ಚುಟುಕುಲಾನಂದ ಶಾತಕರ್ಣಿಯ 12ನೆಯ ವರ್ಷದ್ದು. ನಾಗಶಿಲ್ಪ, ಕೆರೆ ಮತ್ತು ವಿಹಾರ, ಈ ಮೂರನ್ನೂ ಕೊಟ್ಟವಳು ಮಹಾರಾಜನ ಮಗಳಾದ ಶಿವಸ್ಕಂದನಾಗಶ್ರೀ. ಕೆರೆ ಕಟ್ಟಿಸುವಷ್ಟು ಸ್ವತ್ತು ಆಕೆಯ ಕೈಯಲ್ಲಿತ್ತು. ಅಲ್ಲಿಯೂ ಆಕೆ ಪುತ್ರವಂತೆಯೆಂಬುದನ್ನು ಹೇಳಲು ಶಾಸನ ಮರೆತಿಲ್ಲ.

ರಾಜಮನೆತನದ ಮಾತು ಇಷ್ಟು ಸಾಕು. ನಾಸಿಕದ 10ನೆಯ ಗುಹೆಯಲ್ಲಿ ಆಭೀರ ದೊರೆ ಈಶ್ವರಸೇನನ 9ನೆಯ ವರ್ಷದ ಒಂದು ಶಾಸನವಿದ್ದು, ಅದರ ದಾನಿ ವಿಷ್ಣುದತ್ತೆಯೆಂಬ ಉಪಾಸಿಕೆ, ಎಂದರೆ ಬೌದ್ಧ ಗೃಹಸ್ಥ ಭಕ್ತೆ. ಈಕೆ ಶಕ ಅಗ್ನಿವರ್ಮನ ಮಗಳು, ಗಣಪಕನೆಂಬ ಪದವಿಯ ರೇಭಿಲನ ಹೆಂಡತಿ, ಗಣಪಕ ವಿಶ್ವವರ್ಮನ ತಾಯಿ. ವಿಹಾರದಲ್ಲಿ ಕಾಯಿಲೆ ಬಿದ್ದ ಭಿಕ್ಷುಗಳ ಔಷಧಿಗಾಗಿ ಈಕೆ ಮಾಡಿದ ಏರ್ಪಾಡು ಗಮನಾರ್ಹವಾದದ್ದು. ಗೋವರ್ಧನದ ಕುಲರಿಕರ (ಬಹುಶಃ ಕುಂಬಾರರ) ಶ್ರೇಣಿಯಲ್ಲಿ, ಎಂದರೆ ಕಸುಬುದಾರರ ಸಂಘದಲ್ಲಿ, 1000 ಕಾರ್ಷಾಪಣ ನಾಣ್ಯ, ನೀರಿನ ಯಂತ್ರ ಮಾಡುವವರ ಶ್ರೇಣಿಯಲ್ಲಿ 2000 ಕಾರ್ಷಾಪಣ, ಗಾಣಿಗರ ಶ್ರೇಣಿಯಲ್ಲಿ ಮತ್ತಷ್ಟು ಹಣ ಎಂದು ಅಕ್ಷಯನೀವಿಯಾಗಿ ತೊಡಗಿಸಿದ್ದಾಳೆ. ಅಸಲು ಮುಟ್ಟದೆ ಬಡ್ಡಿಯಿಂದ ಧರ್ಮ ನಡೆಸುವ ಈ ಕ್ರಮದಲ್ಲಿ ಹಣವನ್ನೆಲ್ಲ ಒಂದೇ ಕಡೆ ಇಡದೆ ಹಂಚಿರುವುದು ವ್ಯವಹಾರ ಬಲ್ಲವರ ಕೆಲಸ. ಪ್ರಾಚೀನ ಸ್ತ್ರೀಗೆ ಆಸ್ತಿಯ ಮೇಲೆ ಹಿಡಿತವಿತ್ತೇ ಎಂದು ಕೇಳುವವರಿಗೆ ನಾನು ರಾಣಿಯರಿಗಿಂತ ಮೊದಲು ಈಕೆಯನ್ನು ತೋರಿಸುತ್ತೇನೆ.

ಆದರೆ ಅದೇ ಗುಹೆಯ ಉಳಿದ ಶಾಸನಗಳನ್ನು ಓದದೆ ಹೊರಬಂದರೆ ಅರ್ಧ ಮಾತ್ರ ತಿಳಿದಂತಾಗುತ್ತದೆ. ಮೊಗಸಾಲೆಯ ಅಂಚಿನ ಕೋಣೆಯ ಬಾಗಿಲ ಮೇಲೆ ಕ್ಷಹರಾತ ದೊರೆ ನಹಪಾನನ ಮಗಳೂ ಉಷವದಾತನ ಹೆಂಡತಿಯೂ ಆದ ದಕ್ಷಮಿತ್ರೆ ಆ ಕೋಣೆ ತನ್ನ ದಾನವೆಂದು ಬರೆಸಿದ್ದಾಳೆ. ಅಲ್ಲಿಯೇ ಗೋಡೆಯ ಮೇಲೆ ಗಂಡನ ದಾನಗಳ ದೊಡ್ಡ ಪಟ್ಟಿಯಿದೆ: ಮೂರು ಲಕ್ಷ ಹಸುಗಳು, ಹದಿನಾರು ಹಳ್ಳಿಗಳು, ದೋಣಿಗಳು, ಛತ್ರಗಳು, ಮತ್ತು ಪ್ರಭಾಸತೀರ್ಥದಲ್ಲಿ ಬ್ರಾಹ್ಮಣರಿಗೆ ಎಂಟು ಮಂದಿ ಹೆಂಡಿರು. ಇದನ್ನು ಮದುವೆಯ ಖರ್ಚು ವಹಿಸಿಕೊಂಡ ಕನ್ಯಾದಾನವೆಂದು ಅರ್ಥೈಸಬಹುದು, ಅದಕ್ಕೆ ನನ್ನ ತಕರಾರಿಲ್ಲ. ಹೇಗೆ ಅರ್ಥೈಸಿದರೂ ಆ ಎಂಟು ಮಂದಿ ಹಸು, ಹಳ್ಳಿಗಳ ಸಾಲಿನಲ್ಲಿಯೇ ನಿಂತಿದ್ದಾರೆ. ಅವರು ಯಾರ ಮಕ್ಕಳು, ಯಾವ ಊರಿನವರು ಎಂಬ ಒಂದು ಮಾತೂ ಶಾಸನದಲ್ಲಿಲ್ಲ.