ಡೇಟಾ ವಿಶ್ಲೇಷಣೆಗೆ ಒಂದೇ ವೇದಿಕೆ: ಒಪ್ಪುವ ಮುನ್ನ ಹಾಕಬೇಕಾದ ಲೆಕ್ಕ

ಡೇಟಾ ತರುವುದು, ಶೇಖರಿಸುವುದು, ಹಸನು ಮಾಡುವುದು, ರಿಪೋರ್ಟ್ ತೋರಿಸುವುದು ಎಲ್ಲವೂ ಒಂದೇ ಕಡೆ, ಒಂದೇ ಬಿಲ್ಲಿನಲ್ಲಿ ಎಂಬ ಮಾತು ಕೇಳಲು ಹಿತವಾಗಿರುತ್ತದೆ. 2023ರ ನವೆಂಬರ್‌ನಲ್ಲಿ ಎಲ್ಲರ ಬಳಕೆಗೂ ತೆರೆದುಕೊಂಡ ಮೈಕ್ರೋಸಾಫ್ಟ್ ಫ್ಯಾಬ್ರಿಕ್ ಈ ಮಾತಿಗೆ ಸರಿಯಾದ ಉದಾಹರಣೆ. ದೊಡ್ಡ ಡೇಟಾವನ್ನು ಹಲವು ಯಂತ್ರಗಳಿಗೆ ಹಂಚಿ ಸಂಸ್ಕರಿಸುವ ಸ್ಪಾರ್ಕ್ ಕಡೆಯಿಂದ ಹೊರಟ ಡೇಟಾಬ್ರಿಕ್ಸ್, ವಿಶ್ಲೇಷಣೆಗೆಂದೇ ಡೇಟಾ ಕೂಡಿಡುವ ವೇರ್‌ಹೌಸ್ ಕಡೆಯಿಂದ ಹೊರಟ ಸ್ನೋಫ್ಲೇಕ್ ಕೂಡ ಅದೇ ದಿಕ್ಕಿಗೆ ಬೆಳೆಯುತ್ತಿವೆ. ಡೆಮೊ ನೋಡಿದರೆ ಯಾವುದರಲ್ಲೂ ಕೊರತೆ ಕಾಣುವುದಿಲ್ಲ, ಹಾಗಾಗಿ ಸೌಲಭ್ಯಗಳ ಪಟ್ಟಿ ಹಿಡಿದು ಹೋಲಿಸಿದರೆ ತೀರ್ಮಾನ ಸಿಗುವುದೂ ಇಲ್ಲ. ನಿಮ್ಮ ಕೆಲಸಗಳು ಯಾವ ಹೊತ್ತಿನಲ್ಲಿ ಎಷ್ಟು ಶಕ್ತಿ ಬೇಡುತ್ತವೆ, ಆ ಶಕ್ತಿಯನ್ನು ಯಾರು ಯಾರೊಂದಿಗೆ ಹಂಚಿಕೊಳ್ಳಬೇಕಾಗುತ್ತದೆ ಎಂಬುದೇ ಇಲ್ಲಿ ಮುಖ್ಯ. ಈ ಅಂಕಣದಲ್ಲಿ ಫ್ಯಾಬ್ರಿಕ್ ಅನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕೋಣ.

ಮೊದಲು ಬಿಳಿ ಹಾಳೆಯ ಮೇಲೆ ಈಗಿನ ಡೇಟಾ ಹರಿವನ್ನು ಬರೆಯಿರಿ. ಮಾರಾಟದ ಡೇಟಾ ಮೂಲ ಡೇಟಾಬೇಸ್ ಬಿಟ್ಟು ಎಷ್ಟು ಕಡೆ ನಕಲಾಗಿದೆ? ಹಣಕಾಸು ವಿಭಾಗದ ಮೊತ್ತವೂ ಮಾರಾಟ ವಿಭಾಗದ ಮೊತ್ತವೂ ತಾಳೆಯಾಗದೆ ತಿಂಗಳಿಗೆ ಎಷ್ಟು ಗಂಟೆ ಹಾಳಾಗುತ್ತಿದೆ? ನಕಲುಗಳು ನಾಲ್ಕೈದು ಕಡೆ ಇದ್ದು, ಒಂದೊಂದನ್ನೂ ಬೇರೆ ಬೇರೆ ಉಪಕರಣ ಸಾಕುತ್ತಿದ್ದರೆ ಒಂದೇ ವೇದಿಕೆಯಿಂದ ನಿಜವಾದ ಲಾಭವಿದೆ. ಇರುವುದೇ ಎರಡು ಡೇಟಾಬೇಸ್, ಹತ್ತು ರಿಪೋರ್ಟ್ ಎಂದಾದರೆ ಡೇಟಾಬೇಸಿನ ಓದಲಷ್ಟೇ ಬಳಸುವ ಒಂದು ಪ್ರತಿ ಮತ್ತು ಒಂದು ರಿಪೋರ್ಟ್ ಉಪಕರಣ ಸಾಕು. ಅಂಥಲ್ಲಿ ದೊಡ್ಡ ವೇದಿಕೆ ತಂದರೆ ಅದನ್ನು ನೋಡಿಕೊಳ್ಳುವುದೇ ಹೊಸ ಕೆಲಸವಾಗುತ್ತದೆ.

ಇನ್ನು ಕೆಪ್ಯಾಸಿಟಿಯ, ಅಂದರೆ ಕೊಳ್ಳುವ ಗಣನಾ ಶಕ್ತಿಯ ವಿಷಯ. ಫ್ಯಾಬ್ರಿಕ್‌ನಲ್ಲಿ ಕೊಳ್ಳುವುದು ಎಫ್2, ಎಫ್4, ಎಫ್8 ಹೀಗೆ ಇಮ್ಮಡಿಯಾಗುತ್ತಾ ಎಫ್2048ರವರೆಗೆ ಹೋಗುವ ಅಳತೆಗಳನ್ನು. ಎಫ್8 ಎಂದರೆ 8 ಕೆಪ್ಯಾಸಿಟಿ ಯೂನಿಟ್. ಡೇಟಾ ತರುವ ಪೈಪ್‌ಲೈನ್, ಕೋಡ್ ಓಡಿಸುವ ಸ್ಪಾರ್ಕ್ ನೋಟ್‌ಬುಕ್, ಟೇಬಲ್‌ಗಳಿಂದ ಡೇಟಾ ಕೇಳುವ ಎಸ್‌ಕ್ಯೂಎಲ್ ಕ್ವೆರಿ, ಡ್ಯಾಶ್‌ಬೋರ್ಡ್ ಎಲ್ಲವೂ ಒಂದೇ ತೊಟ್ಟಿಯಿಂದ ನೀರು ಮೊಗೆಯುತ್ತವೆ. ಒಂದು ಯೂನಿಟ್‌ಗೆ 2 ಸ್ಪಾರ್ಕ್ ಕೋರ್ (ಲೆಕ್ಕ ಮಾಡುವ ಪ್ರೊಸೆಸರ್ ಘಟಕ) ಸಿಗುತ್ತವೆ. ಎಫ್8ರಲ್ಲಿ 16 ಕೋರ್, ಮೂರು ಪಟ್ಟು ಏರಲು ಅವಕಾಶ ಇರುವುದರಿಂದ 48ರವರೆಗೂ ಹೋಗಬಹುದು. 48 ಕೋರ್ ಎಂದರೆ 24 ಯೂನಿಟ್. ಆ ವೇಗದಲ್ಲಿ ಒಂದು ನೋಟ್‌ಬುಕ್ 8 ಗಂಟೆ ಓಡಿದರೆ ಎಫ್8ರ ಇಡೀ ದಿನದ ಪಾಲು, ಅಂದರೆ 6,91,200 ಯೂನಿಟ್-ಸೆಕೆಂಡ್ (8 ಯೂನಿಟ್ × 86,400 ಸೆಕೆಂಡ್), ಪೂರ್ತಿ ಮುಗಿಯುತ್ತದೆ. ಏರಲು ಅವಕಾಶವಿದೆ ಎಂದರೆ ಅದು ಉಚಿತವೆಂದಲ್ಲ, ಮುಂದಿನ ಹೊತ್ತಿನಿಂದ ತಂದ ಸಾಲ.

ಈ ಸಾಲ ತೀರುವ ಬಗೆಯನ್ನು ತಿಳಿಯದೆ ಸಹಿ ಹಾಕಬಾರದು. ನೋಟ್‌ಬುಕ್‌ನಂಥ, ಹಿನ್ನೆಲೆಯಲ್ಲಿ ನಡೆಯುವ ಕೆಲಸಗಳ ಬಳಕೆಯನ್ನು 24 ಗಂಟೆಗಳಿಗೆ ಹರಡಿ ಲೆಕ್ಕ ಹಿಡಿಯುತ್ತಾರೆ. ಮುಂದಿನ 10 ನಿಮಿಷದ ಪಾಲು ಮುಂಚೆಯೇ ಖರ್ಚಾಗುವವರೆಗೆ ಏನೂ ಗೊತ್ತಾಗುವುದಿಲ್ಲ. ಅದನ್ನು ಮೀರಿದರೆ ರಿಪೋರ್ಟ್ ತೆರೆಯುವಂಥ ಪ್ರತಿ ಕೋರಿಕೆಯೂ 20 ಸೆಕೆಂಡ್ ತಡವಾಗುತ್ತದೆ. 60 ನಿಮಿಷ ದಾಟಿದರೆ ಆ ಕೋರಿಕೆಗಳೇ ತಿರಸ್ಕೃತವಾಗುತ್ತವೆ. 24 ಗಂಟೆಯ ಪಾಲೂ ಮುಗಿದರೆ ಮಾತ್ರ ಹೊಸ ಹಿನ್ನೆಲೆ ಕೆಲಸಗಳೂ ತಿರಸ್ಕೃತವಾಗುತ್ತವೆ. ಈ ಕ್ರಮವನ್ನು ಗಮನಿಸಿ: ಮಿತಿ ಮೀರಿದ್ದು ನೋಟ್‌ಬುಕ್, ಮೊದಲು ಪೆಟ್ಟು ಬೀಳುವುದು ರಿಪೋರ್ಟ್ ನೋಡಲು ಬಂದವರಿಗೆ. ತಿಂಗಳ ಕೊನೆಯಲ್ಲಿ ಎಲ್ಲರೂ ಡ್ಯಾಶ್‌ಬೋರ್ಡ್ ತೆರೆಯುವ ಹೊತ್ತಿಗೇ ಭಾರಿ ಲೆಕ್ಕಾಚಾರಗಳೂ ಓಡುವುದರಿಂದ, ವೇದಿಕೆಯೇ ನಿಧಾನ ಎಂಬ ಅಪವಾದ ಹುಟ್ಟುವುದು ಬಹುಪಾಲು ಆಗಲೇ.

ಆದ್ದರಿಂದ ಪ್ರಯೋಗದ ಕೆಲಸಕ್ಕೂ ದಿನನಿತ್ಯದ ರಿಪೋರ್ಟಿಗೂ ಬೇರೆ ಬೇರೆ ಕೆಪ್ಯಾಸಿಟಿ ಇಡಬೇಕು. ಎರಡು ಚಿಕ್ಕವು ಒಂದು ದೊಡ್ಡದಕ್ಕಿಂತ ಎಷ್ಟೋ ಸಲ ಕ್ಷೇಮ. ಹಣ ಉಳಿಸಲು ರಾತ್ರಿ ಕೆಪ್ಯಾಸಿಟಿ ನಿಲ್ಲಿಸುವ ಉಪಾಯ ಒಳ್ಳೆಯದೇ. ಆದರೆ ನಿಲ್ಲಿಸಿದ ಕ್ಷಣ ಹರಡಿಟ್ಟಿದ್ದ ಬಾಕಿ ಬಳಕೆಯೆಲ್ಲ ಒಟ್ಟಿಗೆ ಬಿಲ್ಲಿಗೆ ಬರುತ್ತದೆ, ಫ್ಯಾಬ್ರಿಕ್‌ನ ಡೇಟಾ ಉಗ್ರಾಣವಾದ ಒನ್‌ಲೇಕ್ ಶೇಖರಣೆಯ ಶುಲ್ಕ ಪ್ರತ್ಯೇಕವಾಗಿ ಓಡುತ್ತಲೇ ಇರುತ್ತದೆ.

ಲೈಸೆನ್ಸಿನಲ್ಲಿ ಎಫ್64 ಒಂದು ಗಡಿ. ಅದಕ್ಕಿಂತ ಕೆಳಗಿನ ಅಳತೆಯಲ್ಲಿ ಪವರ್ ಬಿಐ (ಫ್ಯಾಬ್ರಿಕ್‌ನ ರಿಪೋರ್ಟ್ ಉಪಕರಣ) ರಿಪೋರ್ಟ್ ಬರೀ ನೋಡುವವರಿಗೂ ಪ್ರೊ ಎಂಬ ಹಣ ಕೊಟ್ಟು ಪಡೆಯುವ ಲೈಸೆನ್ಸ್ ತಲಾ ಒಂದು ಬೇಕು. ಎಫ್64 ಮತ್ತು ಅದಕ್ಕೆ ಮೇಲ್ಪಟ್ಟಲ್ಲಿ ನೋಡುವವರಿಗೆ ಉಚಿತ ಲೈಸೆನ್ಸ್ ಸಾಕು, ರಿಪೋರ್ಟ್ ತಯಾರಿಸಿ ಹಂಚುವವರಿಗೆ ಮಾತ್ರ ಪ್ರೊ ಬೇಕೇ ಬೇಕು. ಲೆಕ್ಕ ಸರಳ: ನಿಮಗೆ ನಿಜಕ್ಕೂ ಸಾಲುವ ಅಳತೆಗೂ ಎಫ್64ಕ್ಕೂ ಇರುವ ಮಾಸಿಕ ಬೆಲೆಯ ಅಂತರವನ್ನು ಒಂದು ಪ್ರೊ ಲೈಸೆನ್ಸಿನ ಬೆಲೆಯಿಂದ ಭಾಗಿಸಿ. ನೋಡುವವರ ಸಂಖ್ಯೆ ಆ ಉತ್ತರಕ್ಕಿಂತ ಹೆಚ್ಚಿದ್ದರೆ ಎಫ್64 ಅಗ್ಗ. ಇಪ್ಪತ್ತು ಜನ ನೋಡುಗರಿಗಾಗಿ ಎಫ್64 ಕೊಳ್ಳುವುದು ದುಡ್ಡು ಸುರಿದಂತೆಯೇ ಸರಿ.

ಭದ್ರತೆಯ ಮಾತು ಕೊನೆಗೆ ನೋಡಿಕೊಳ್ಳೋಣ ಎಂದರೆ ಕೆಡುತ್ತದೆ. ಎಸ್‌ಕ್ಯೂಎಲ್ ಮಟ್ಟದಲ್ಲಿ ಹಾಕಿದ ಸಾಲುವಾರು ನಿರ್ಬಂಧ (ಟೇಬಲಿನ ಯಾವ ಸಾಲುಗಳನ್ನು ಯಾರು ನೋಡಬಹುದು ಎಂಬ ಮಿತಿ) ಎಸ್‌ಕ್ಯೂಎಲ್ ಮೂಲಕ ಬರುವ ಕ್ವೆರಿಗಳಿಗೆ ಮಾತ್ರ ಅನ್ವಯ. ಅದೇ ಟೇಬಲಿನ ಫೈಲುಗಳನ್ನು ಸ್ಪಾರ್ಕ್‌ನಿಂದ ನೇರವಾಗಿ ಓದಲು ಅನುಮತಿ ಇದ್ದವರಿಗೆ ಆ ತಡೆ ಸಿಗುವುದೇ ಇಲ್ಲ. ಅಂಥ ನಿರ್ಬಂಧವಿರುವ ಟೇಬಲ್‌ಗಳ ಮೇಲೆ ಒನ್‌ಲೇಕ್ ಫೈಲುಗಳನ್ನು ನೇರವಾಗಿ ಓದುವ ಡೈರೆಕ್ಟ್ ಲೇಕ್ ರಿಪೋರ್ಟ್ ಕಟ್ಟಿದರೆ ಅದು ಸದ್ದಿಲ್ಲದೆ, ಎಸ್‌ಕ್ಯೂಎಲ್ ಮೂಲಕ ಕೇಳಿ ಪಡೆಯುವ ಡೈರೆಕ್ಟ್ ಕ್ವೆರಿಗೆ ಇಳಿದು ನಿಧಾನವಾಗಬಹುದು. ಸಂಬಳದಂಥ ಡೇಟಾ ಇದ್ದರೆ ಪ್ರತ್ಯೇಕ ವರ್ಕ್‌ಸ್ಪೇಸ್ (ತನ್ನದೇ ಅನುಮತಿಗಳಿರುವ ಜಾಗ) ಮಾಡುವುದೇ ಭದ್ರ.

ಡೇಟಾ ಡೆಲ್ಟಾ ಎಂಬ ತೆರೆದ ರೂಪದಲ್ಲಿರುತ್ತದೆ, ಹಾಗಾಗಿ ಯಾವಾಗ ಬೇಕಾದರೂ ಹೊರಬರಬಹುದು ಎನ್ನುತ್ತಾರೆ. ಅರ್ಧ ನಿಜ. ಟೇಬಲ್‌ಗಳು ಬರುತ್ತವೆ, ಪೈಪ್‌ಲೈನ್, ರಿಪೋರ್ಟ್ ಮಾಡೆಲ್, ಅನುಮತಿಗಳು ಬರುವುದಿಲ್ಲ. ಪರೀಕ್ಷೆಯ ಅವಧಿಯಲ್ಲೇ ಒಂದು ಟೇಬಲನ್ನು ಬೇರೆ ಎಂಜಿನ್‌ನಿಂದ ಓದಿ ನೋಡಿ.

ನಿರಂತರ ಹರಿಯುವ ಡೇಟಾ ಇದ್ದವರಿಗೆ ಒಂದು ಎಚ್ಚರಿಕೆ. ನಿಮಿಷಕ್ಕೊಮ್ಮೆ ಬರೆದರೆ ಒಂದೇ ಟೇಬಲಿಗೆ ದಿನಕ್ಕೆ ಕನಿಷ್ಠ 1,440 ಚಿಕ್ಕ ಫೈಲುಗಳು ಸೇರುತ್ತವೆ. ಕೆಲವೇ ವಾರಗಳಲ್ಲಿ ಪ್ರತಿ ಕ್ವೆರಿಯೂ ಡೇಟಾ ಓದುವುದಕ್ಕಿಂತ ಫೈಲು ತೆರೆಯುವುದರಲ್ಲೇ ಹೊತ್ತು ಕಳೆಯುತ್ತದೆ. ಆಪ್ಟಿಮೈಜ್ ಆದೇಶದಿಂದ ಅವನ್ನು ಒಟ್ಟುಗೂಡಿಸಿ, ವ್ಯಾಕ್ಯೂಮ್‌ನಿಂದ ಹಳೆಯವನ್ನು ಅಳಿಸುವ ಕೆಲಸಕ್ಕೆ ವೇಳಾಪಟ್ಟಿ ಹಾಕಬೇಕು. ವ್ಯಾಕ್ಯೂಮ್ ತಾನಾಗಿ ಹಳೆಯ ಫೈಲುಗಳನ್ನು 7 ದಿನದವರೆಗೆ ಉಳಿಸಿಕೊಳ್ಳುತ್ತದೆ, ಅದನ್ನು ಕಡಿಮೆ ಮಾಡಲು ಅವಸರಪಡಬೇಡಿ. ಈ ಕೆಲಸ ಯಾರದು ಎಂದು ಮೊದಲೇ ಹೆಸರು ಬರೆದಿಡದಿದ್ದರೆ ಅದು ಯಾರದೂ ಆಗುವುದಿಲ್ಲ.

ಪರೀಕ್ಷೆಗೆ ಸುಲಭದ ಡೇಟಾ ಆರಿಸಬೇಡಿ. ಅತಿ ಹೆಚ್ಚು ಕಾಡುವ ಒಂದು ಹರಿವನ್ನು, ಅದರ ಪೂರ್ತಿ ಗಾತ್ರದಲ್ಲಿ, ಒಂದು ತಿಂಗಳ ಕೊನೆಯನ್ನು ಒಳಗೊಳ್ಳುವಂತೆ ಓಡಿಸಿ. ಉಚಿತ ಪ್ರಯೋಗ 60 ದಿನ ಸಿಗುತ್ತದೆ. ಅಲ್ಲಿ ನೀವು ಕೊಳ್ಳಲಿರುವ ಅಳತೆಗಿಂತ ದೊಡ್ಡ ಕೆಪ್ಯಾಸಿಟಿ ಸಿಕ್ಕರೆ ಎಲ್ಲವೂ ಸಲೀಸಾಗಿ ಕಾಣುತ್ತದೆ. ಕೊನೆಯ ಎರಡು ವಾರ ಅದೇ ಕೆಲಸವನ್ನು ಬಳಸಿದಷ್ಟೇ ಪಾವತಿಸುವ ಎಫ್8 ಅಥವಾ ಎಫ್16ಕ್ಕೆ ವರ್ಗಾಯಿಸಿ, ಕೆಪ್ಯಾಸಿಟಿ ಮೆಟ್ರಿಕ್ಸ್ ಆ್ಯಪ್‌ನಲ್ಲಿ ಯಾವ ಕೆಲಸ ಎಷ್ಟು ತಿಂದಿತು ಎಂದು ನೋಡಿ. ಆ ಆ್ಯಪ್ 14 ದಿನಗಳ ವಿವರವನ್ನಷ್ಟೇ ಇಡುವುದರಿಂದ ಅಂಕಿಗಳನ್ನು ಆಗಾಗ ಬೇರೆಡೆ ಬರೆದಿಟ್ಟುಕೊಳ್ಳಬೇಕು. ಒಂದು ವರ್ಷಕ್ಕೆ ಕಾಯ್ದಿರಿಸಿದರೆ ಸುಮಾರು 40 ಶೇಕಡಾ ರಿಯಾಯಿತಿ ಸಿಗುತ್ತದೆ, ಆದರೆ ಅಳೆಯುವ ಮುನ್ನ ಕಾಯ್ದಿರಿಸಿದರೆ ತಪ್ಪು ಅಳತೆಗೇ ವರ್ಷವಿಡೀ ಕಟ್ಟುಬೀಳುತ್ತೀರಿ.

ಈಗಾಗಲೇ ಸ್ನೋಫ್ಲೇಕ್ ಅಥವಾ ಡೇಟಾಬ್ರಿಕ್ಸ್ ಚೆನ್ನಾಗಿ ನಡೆಯುತ್ತಿರುವಲ್ಲಿ ಬರೀ ಒಂದೇ ಬಿಲ್ಲಿನ ಆಸೆಗೆ ಸ್ಥಳಾಂತರ ಮಾಡುವುದನ್ನು ನಾವು ಸಲಹೆ ಮಾಡುವುದಿಲ್ಲ. ಆರ್ಡರ್ ಪಡೆಯುವಂಥ ವಹಿವಾಟಿನ ವ್ಯವಸ್ಥೆಯನ್ನು ಫ್ಯಾಬ್ರಿಕ್‌ನ ವೇರ್‌ಹೌಸ್ ಮೇಲೆ ಕೂರಿಸುವುದೂ ಬೇಡ, ಅದು ಆ ಕೆಲಸಕ್ಕೆ ಕಟ್ಟಿದ್ದಲ್ಲ. ಒಪ್ಪಿಕೊಂಡವರು ಮೊದಲ ವರ್ಷದ ಬಜೆಟ್‌ನಲ್ಲಿ ಹಳೆಯದು ಹೊಸದು ಎರಡರ ಖರ್ಚನ್ನೂ ಸೇರಿಸಿ. ಎರಡೂ ಕಡೆಯ ಮೊತ್ತಗಳು ಒಂದು ಪೂರ್ತಿ ತ್ರೈಮಾಸಿಕ ತಾಳೆಯಾಗುವವರೆಗೆ ಹಳೆಯದನ್ನು ನಿಲ್ಲಿಸುವಂತಿಲ್ಲ. ಹಳೆಯ ಲೈಸೆನ್ಸ್ ನವೀಕರಣದ ದಿನಾಂಕ ನೋಡಿ, ಅದಕ್ಕೆ ಕನಿಷ್ಠ ಆರು ತಿಂಗಳು ಮುಂಚೆ ಪರೀಕ್ಷೆ ಶುರುಮಾಡಿ.